ಮನೆಯ ಅಲಾರಂಗೆ ನೆಟ್ ಹೋದರೆ ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

ಅಡಿಕೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಗರ ತಾಲ್ಲೂಕಿನ ಹಳ್ಳಿಯಲ್ಲಿದೆ. ಅಲ್ಲಿ ಅಪ್ಪ ಅಮ್ಮ ಇಬ್ಬರೇ, ನಾನು ಬೆಂಗಳೂರಲ್ಲಿ. ಒಳ್ಳೆ ರೇಟು ಬರಲಿ ಅಂತ ಅಪ್ಪ ಅಡಿಕೆ ಮೂಟೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಡಿಕೆ ಕಳ್ಳತನ ನಮ್ಮ ಕಡೆ ಹೊಸ ಸುದ್ದಿ ಅಲ್ಲ. ಅದಕ್ಕೇ ಹೋದ ವರ್ಷ ಇಂಟರ್ನೆಟ್ ಅಲಾರಂ ಹಾಕಿಸಿದೆ. ಒಂದು ಹಬ್ (ಎಲ್ಲ ಸೆನ್ಸರ್‌ಗಳನ್ನು ಜೋಡಿಸುವ ಮುಖ್ಯ ಪೆಟ್ಟಿಗೆ), ಬಾಗಿಲಿಗೆ ನಾಲ್ಕು ಸೆನ್ಸರ್, ಎರಡು ಮೋಷನ್ ಸೆನ್ಸರ್, ಹೊರಗೊಂದು ಸೈರನ್. ಹಬ್‌ನಲ್ಲಿ ಸಿಮ್ ಕೂಡ ಇದೆ.

ಜುಲೈನಲ್ಲಿ ಅಮ್ಮನ ಕಣ್ಣಿನ ಆಪರೇಷನ್‌ಗೆ ಇಬ್ಬರೂ ಎರಡು ದಿನ ಶಿವಮೊಗ್ಗಕ್ಕೆ ಹೋಗಿದ್ದರು. ಮನೆಗೆ ಬೀಗ. ಆ ರಾತ್ರಿ ಜೋರು ಗಾಳಿ ಮಳೆ. ಬೆಳಗ್ಗೆ 7ಕ್ಕೆ ಆ್ಯಪ್ ತೆರೆದರೆ ಹಸಿರು ಬಣ್ಣ, ‘ಭದ್ರವಾಗಿದೆ’ ಅಂತ ಇತ್ತು. ಸಮಾಧಾನ ಆಯಿತು. ಸುಮ್ನೆ ಒಳಗಿನ ಪುಟ ನೋಡಿದೆ. ಸಣ್ಣ ಅಕ್ಷರದಲ್ಲಿ ‘ಕೊನೆಯ ಸಂಪರ್ಕ ರಾತ್ರಿ 1:18’ ಅಂತ ಇತ್ತು! ಕೊಂಬೆ ಬಿದ್ದು ಫೈಬರ್ ಹರಿದಿತ್ತು. ಸುಮಾರು ಆರು ತಾಸು ಆ ಮನೆಗೆ ಕಾವಲೇ ಇರಲಿಲ್ಲ. ನನಗೆ ಒಂದು ಮೆಸೇಜೂ ಬರಲಿಲ್ಲ. ಹಾಕಿಕೊಟ್ಟವರನ್ನು ಕೇಳಿದರೆ ‘ನೆಟ್ ನಮ್ಮ ಜವಾಬ್ದಾರಿ ಅಲ್ಲ’ ಅಂದರು.

ಪುಣ್ಯಕ್ಕೆ ಏನೂ ಆಗಿಲ್ಲ. ಆದರೆ ನನಗೆ ಅರ್ಥ ಆಗಬೇಕು. ನೆಟ್ ಹೋಗಿದೆ ಅಂತ ಈ ವ್ಯವಸ್ಥೆಗೆ ಗೊತ್ತಾಗುವುದು ಹೇಗೆ? ನನಗೆ ಯಾಕೆ ಹೇಳಲಿಲ್ಲ?

ಕುಂದಾಪ್ರ_ಗೆಳೆಯ
ಅಮ್ಮನ ಕಣ್ಣು ಈಗ ಹೇಗಿದೆ?

ಅಡಿಕೆಮನೆ
ಚೆನ್ನಾಗಿದೆ, ಪೇಪರ್ ಓದುತ್ತಿದ್ದಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಪ್ಯಾನೆಲ್_ಹುಬ್ಬಳ್ಳಿ
ನಾನು ಅಂಗಡಿ, ಬ್ಯಾಂಕು, ಮನೆಗಳಿಗೆ ಅಲಾರಂ ಪ್ಯಾನೆಲ್ ಹಾಕುವ ಕೆಲಸದಲ್ಲಿ 16 ವರ್ಷದಿಂದ ಇದ್ದೇನೆ. ಹೇಳುತ್ತೇನೆ ನೋಡ್ರಿ.

ಶಾಲೆಯಲ್ಲಿ ಹಾಜರಿ ಕರೆಯುತ್ತಾರಲ್ಲ, ಹಾಗೇ ಇದು. ಬಾರದ ಹುಡುಗ ‘ನಾನು ಬಂದಿಲ್ಲ’ ಅಂತ ಕೂಗುವುದಿಲ್ಲ. ಹೆಸರು ಕರೆದಾಗ ದನಿ ಬರದಿದ್ದರೆ ಟೀಚರ್ ಗುರುತು ಹಾಕುತ್ತಾರೆ. ನಿಮ್ಮ ಹಬ್ ಇಷ್ಟು ಸೆಕೆಂಡಿಗೊಮ್ಮೆ ಅಲಾರಂ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್‌ಗೆ ‘ಇದ್ದೇನೆ’ ಅಂತ ಒಂದು ಚಿಕ್ಕ ಸಂದೇಶ ಕಳಿಸುತ್ತದೆ. ನಾವು ಹಾರ್ಟ್‌ಬೀಟ್ ಅನ್ನುತ್ತೇವೆ, ಕೆಲವರು ಪೋಲಿಂಗ್ ಅನ್ನುತ್ತಾರೆ. ಅದು ತಪ್ಪಿದರೆ ಸರ್ವರ್ ಎಣಿಸಲು ಶುರು ಮಾಡುತ್ತದೆ. ಒಂದು ತಪ್ಪಿತು, ಎರಡು, ಮೂರು. ಆಮೇಲೆ ‘ಸಂಪರ್ಕ ಹೋಗಿದೆ’ ಅಂತ ತೀರ್ಮಾನ. ನಿಮಿಷಕ್ಕೊಮ್ಮೆ ಸಂದೇಶ, ಮೂರು ತಪ್ಪಿದರೆ ಅಲಾರಂ ಅಂತ ಇಟ್ಟರೆ ಮೂರರಿಂದ ನಾಲ್ಕು ನಿಮಿಷದಲ್ಲಿ ಗೊತ್ತಾಗಬೇಕು.

ಗೊತ್ತಾಗುವುದು ಬೇರೆ, ನಿಮಗೆ ಹೇಳುವುದು ಬೇರೆ. ನಿಮ್ಮಲ್ಲಿ ತಪ್ಪಿರುವುದು ಈ ಎರಡನೆಯದು ಅಂತ ನನ್ನ ಅನಿಸಿಕೆ.

ಬಯಲುಸೀಮೆ
ಇಷ್ಟೆಲ್ಲ ಯಾಕೆ? ನೆಟ್ ಹೋದ ತಕ್ಷಣ ಹಬ್‌ಗೇ ಗೊತ್ತಾಗುತ್ತದೆ ಅಲ್ವಾ? ಅದೇ ಸೈರನ್ ಹೊಡೆಯಲಿ. ಹಳೆಯ ಲ್ಯಾಂಡ್‌ಲೈನ್ ಪ್ಯಾನೆಲ್‌ಗಳು ಹಾಗೇ ಮಾಡುತ್ತಿದ್ದವು. ನಮ್ಮ ಮಾವನ ಅಂಗಡಿಯಲ್ಲಿ ಫೋನ್ ವೈರ್ ಕಿತ್ತರೆ ಒಂದು ನಿಮಿಷದೊಳಗೆ ಸೈರನ್ ಕೂಗುತ್ತಿತ್ತು.

ಪ್ಯಾನೆಲ್_ಹುಬ್ಬಳ್ಳಿ
ಮಾವನವರ ಪ್ಯಾನೆಲ್ ಬಗ್ಗೆ ನೀವು ಹೇಳಿದ್ದು ಸರಿ. ಲ್ಯಾಂಡ್‌ಲೈನ್‌ನಲ್ಲಿ ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟ್ ಬರುತ್ತಿತ್ತು. ವೈರ್ ಕಡಿದರೆ ಆ ವೋಲ್ಟ್ ಇಲ್ಲ. ಪ್ಯಾನೆಲ್ ತಾನೇ ಅಳೆದು ಕಂಡುಹಿಡಿಯುತ್ತಿತ್ತು. ಆದರೆ ಹೊರಗಿನವರಿಗೆ? ದಿನಕ್ಕೊಂದು ಸಲ ಪ್ಯಾನೆಲ್ ಅಲಾರಂಗಳ ಮೇಲೆ ನಿಗಾ ಇಡುವ ಕೇಂದ್ರಕ್ಕೆ ಟೆಸ್ಟ್ ಕಾಲ್ ಮಾಡುತ್ತಿತ್ತು, ಅಷ್ಟೇ. ಪ್ಯಾನೆಲ್ ಕೇಂದ್ರಕ್ಕೆ ಕಳಿಸುವ ಕಾಂಟ್ಯಾಕ್ಟ್ ಐಡಿ ಅನ್ನುವ ಕೋಡ್‌ನಲ್ಲಿ ಅದಕ್ಕೆ 602 ಅಂತ ನಂಬರ್. ಬೆಳಗ್ಗೆ 602 ಬಂದು ಆಮೇಲೆ ವೈರ್ ಕಡಿದರೆ ಮರುದಿನದ ತನಕ ಕೇಂದ್ರದವರಿಗೆ ಸುಳಿವೇ ಇಲ್ಲ.

ಈಗ ಇಂಟರ್ನೆಟ್‌ನಲ್ಲಿ ಉಲ್ಟಾ. ಹಬ್‌ನಿಂದ ರೂಟರ್‌ಗೆ ಹೋಗುವ ಕೇಬಲ್ ಮನೆ ಒಳಗೇ ಇದೆ. ಹೊರಗೆ ಫೈಬರ್ ಹರಿದರೂ ರೂಟರ್ ಓಡುತ್ತಲೇ ಇರುತ್ತದೆ, ಹಬ್ ಕಡೆಯ ದೀಪವೂ ಉರಿಯುತ್ತದೆ. ವೈರ್ ನೋಡಿ ಹಬ್‌ಗೆ ಏನೂ ಗೊತ್ತಾಗುವುದಿಲ್ಲ. ‘ಇದ್ದೇನೆ’ ಅಂದದ್ದಕ್ಕೆ ಸರ್ವರ್‌ನಿಂದ ಉತ್ತರ ಬರದಿದ್ದಾಗಲೇ ಅದಕ್ಕೂ ಅರ್ಥ ಆಗುವುದು.

ಸರ್ವರ್_ಸಂಗಾತಿ
ಇದಕ್ಕೆ ಒಂದು ಮಾತು ಸೇರಿಸಬೇಕು. ಇಂಥ ಸರ್ವರ್ ಬರೆಯುವುದು ನನ್ನ ಕೆಲಸ.

ತುಂಬಾ ಜನ ಏನಂದುಕೊಳ್ಳುತ್ತಾರೆ ಅಂದರೆ, ಹಬ್ ಮತ್ತು ಸರ್ವರ್ ನಡುವೆ ಕನೆಕ್ಷನ್ ಇದೆ, ಅದು ತುಂಡಾದರೆ ಎರಡೂ ಕಡೆ ತಕ್ಷಣ ತಿಳಿಯುತ್ತದೆ ಅಂತ. ಇಲ್ಲ. ಟಿಸಿಪಿ (ಇಂಟರ್ನೆಟ್‌ನಲ್ಲಿ ಎರಡು ಸಾಧನ ಮಾತಾಡುವ ಒಂದು ರೀತಿ) ಕನೆಕ್ಷನ್ ಅಂದರೆ ಎರಡೂ ಕಡೆ ನೆನಪಿಟ್ಟುಕೊಂಡ ಒಂದು ಒಪ್ಪಂದ. ಹಬ್ ‘ಮುಗಿಸುತ್ತೇನೆ’ ಅಂತ ಹೇಳಿ ಹೋದರೆ ಸರ್ವರ್‌ಗೆ ಗೊತ್ತಾಗುತ್ತದೆ. ಹೇಳದೇ ಸತ್ತರೆ, ಅಂದರೆ ಫೈಬರ್ ಹರಿದರೆ ಅಥವಾ ಕರೆಂಟ್ ಹೋದರೆ, ಸರ್ವರ್ ಕಡೆ ಆ ಕನೆಕ್ಷನ್ ಹಾಗೇ ತೆರೆದಿರುತ್ತದೆ. ಸರ್ವರ್‌ಗಳಲ್ಲಿ ಓಡುವ ಲಿನಕ್ಸ್‌ನಲ್ಲಿ ಕೀಪ್‌ಅಲೈವ್ (‘ಇನ್ನೂ ಇದ್ದೀಯಾ’ ಅಂತ ವಿಚಾರಿಸುವುದು) ಹಾಕಿದರೂ ಮೊದಲಿಂದ ಇರುವ ಲೆಕ್ಕದ ಪ್ರಕಾರ 7200 ಸೆಕೆಂಡ್ ಸುಮ್ಮನಿದ್ದ ಮೇಲೆ ವಿಚಾರಿಸಲು ಶುರು. ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ. ಒಟ್ಟು 2 ಗಂಟೆ 11 ನಿಮಿಷ. ಕಳ್ಳನಿಗೆ ಅಷ್ಟು ಹೊತ್ತು ಬೇಡ.

ಅದಕ್ಕೇ ನಮ್ಮದೇ ಹಾರ್ಟ್‌ಬೀಟ್ ಬೇಕು. ಎಂಕ್ಯೂಟಿಟಿ ಅಂತ ಒಂದು ಪ್ರೋಟೋಕಾಲ್, ಅಂದರೆ ಸಾಧನಗಳು ಸಂದೇಶ ಕಳಿಸುವ ನಿಯಮ ಇದೆ. 1999ರಲ್ಲಿ ಸ್ಯಾಟಲೈಟ್ ಮೂಲಕ ಎಣ್ಣೆ ಪೈಪ್‌ಲೈನ್ ಕಾಯಲು ಮಾಡಿದ್ದು. ಅದರಲ್ಲಿ ಈ ಲೆಕ್ಕ ಸ್ಪಷ್ಟ. ಕೀಪ್‌ಅಲೈವ್ 60 ಸೆಕೆಂಡ್ ಅಂತ ಒಪ್ಪಿಕೊಂಡರೆ, ಅದರ ಒಂದೂವರೆ ಪಟ್ಟು ಅಂದರೆ 90 ಸೆಕೆಂಡ್ ಏನೂ ಬರದಿದ್ದರೆ ಸರ್ವರ್ ಕನೆಕ್ಷನ್ ಕಡಿದು ಹಾಕಬೇಕು. ಇನ್ನೊಂದು ಸೊಗಸು ಇದೆ. ಸಾಧನ ಮೊದಲೇ ಒಂದು ‘ಉಯಿಲು’ ಬರೆದಿಡಬಹುದು. ‘ನಾನು ಹೇಳದೇ ಹೋದರೆ ಈ ಸಂದೇಶ ಎಲ್ಲರಿಗೂ ಕೊಡಿ’ ಅಂತ. ಸರ್ವರ್ ಅದನ್ನು ಹಂಚುತ್ತದೆ.

ನಿಮ್ಮ ಆ್ಯಪ್ ಆರು ತಾಸು ಹಸಿರು ತೋರಿಸಿದೆ ಅಂದರೆ ಅದು ಈಗಿನ ಸ್ಥಿತಿ ಅಲ್ಲ, ಕೊನೆಗೆ ಗೊತ್ತಿದ್ದ ಸ್ಥಿತಿ. ಇದನ್ನು ಹಸಿರಲ್ಲಿ ತೋರಿಸುವುದು ದೊಡ್ಡ ತಪ್ಪು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬೂದು ಬಣ್ಣ ಹಾಕಬೇಕು.

ಟೀಚರ್_ಹಾಸನ
ಹಾಜರಿ ಉದಾಹರಣೆಯಿಂದ ನನಗೆ ಪೂರ್ತಿ ಅರ್ಥ ಆಯಿತು. ನಮ್ಮ ಮನೆಯಲ್ಲೂ ಇಂಥದ್ದೇ ಇದೆ, ಇವತ್ತೇ ನೋಡುತ್ತೇನೆ.

ಬಯಲುಸೀಮೆ
ಹಾಗಾದರೆ 10 ಸೆಕೆಂಡಿಗೊಮ್ಮೆ ಹಾಜರಿ ಇಟ್ಟುಬಿಡಿ. ಒಂದು ತಪ್ಪಿದರೂ ಅಲಾರಂ. ಏನು ಕಷ್ಟ?

ಮಳೆನಾಡು_ತೀರ್ಥಹಳ್ಳಿ
ಕಷ್ಟ ಏನು ಅಂತ ನಾನು ಹೇಳುತ್ತೇನೆ. ನಾನು ಹಾಗೇ ಇಟ್ಟಿದ್ದೆ. ಆಷಾಢದಲ್ಲಿ ಒಂದೇ ದಿನ 23 ಸಲ ‘ಸಂಪರ್ಕ ಹೋಗಿದೆ, ಸಂಪರ್ಕ ಬಂದಿದೆ’ ಅಂತ ಮೆಸೇಜ್. ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟ್ ಕಣ್ಣು ಮಿಟುಕಿಸುತ್ತದೆ. ರೂಟರ್ ಆಫ್ ಆಗಿ ಆನ್ ಆಗುವುದಕ್ಕೇ ಎರಡು ಮೂರು ನಿಮಿಷ ಬೇಕು. ಮೂರನೇ ದಿನ ಹೆಂಡತಿ ಆ ಮೆಸೇಜ್ ಬಂದ್ ಮಾಡಿಸಿದಳು. ಬಂದ್ ಮಾಡಿದ ಮೇಲೆ ಅಲಾರಂ ಇದ್ದೂ ಇಲ್ಲದ ಹಾಗೆ. ಈಗ ರೂಟರ್‌ಗೆ ಬ್ಯಾಟರಿ ಹಾಕಿಸಿ 5 ನಿಮಿಷಕ್ಕೆ ಇಟ್ಟಿದ್ದೇನೆ. ವಾರಕ್ಕೆ ಒಂದೋ ಎರಡೋ ಬರುತ್ತದೆ. ಬಂದಾಗ ಎದ್ದು ನೋಡುತ್ತೇನೆ.

ಸರ್ವರ್_ಸಂಗಾತಿ
ಇದೇ ಇಲ್ಲಿನ ಮುಖ್ಯ ವಿಷಯ. ಬೇಗ ಹೇಳಬೇಕು, ಸುಳ್ಳು ಹೇಳಬಾರದು. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಡೇಟಾ ಖರ್ಚಿನ ಭಯ ಮಾತ್ರ ಬೇಡ. ಒಂದು ಸಂದೇಶ ಹೋಗಿ ಬರಲು 200 ಬೈಟ್ ಅಂತ ಹಿಡಿಯಿರಿ. ನಿಮಿಷಕ್ಕೊಂದರಂತೆ ದಿನಕ್ಕೆ 1440, ತಿಂಗಳಿಗೆ 9 ಎಂಬಿ ಒಳಗೇ. ಏನೂ ಅಲ್ಲ.

ಹಾಗಂತ ತುಂಬಾ ಅಪರೂಪಕ್ಕೆ ಕಳಿಸಿದರೂ ತೊಂದರೆ. ಮನೆಯ ರೂಟರ್, ಒಂದೇ ವಿಳಾಸವನ್ನು ಹಲವು ಮನೆಗೆ ಹಂಚುವ ನೆಟ್ ಕಂಪನಿಯ ಸಾಧನ, ಇವೆಲ್ಲ ಸುಮ್ಮನಿರುವ ಕನೆಕ್ಷನ್‌ಗಳನ್ನು ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತವೆ. ಯುಡಿಪಿ (ಟಿಸಿಪಿಯ ಹಾಗೆ ಒಪ್ಪಂದ ಇಲ್ಲದೆ ಸಂದೇಶ ಕಳಿಸುವ ರೀತಿ) ಆದರೆ ಎರಡು ಮೂರು ನಿಮಿಷ ಸಾಕು, ಕೆಲವು ಕಡೆ 30 ಸೆಕೆಂಡ್. ಆಮೇಲೆ ಸರ್ವರ್ ಕಳಿಸಿದ್ದು ಹಬ್‌ಗೆ ತಲುಪುವುದೇ ಇಲ್ಲ. ಆಗಾಗ ‘ಇದ್ದೇನೆ’ ಅನ್ನುವುದರಿಂದ ದಾರಿಯೂ ತೆರೆದಿರುತ್ತದೆ.

ಲೆಸ್ಟರ್_ಕನ್ನಡತಿ
ನಾನು ಇಂಗ್ಲೆಂಡ್‌ನಲ್ಲಿರುವುದು. ಇಲ್ಲಿ ಇದಕ್ಕೆ ಲಿಖಿತ ಮಟ್ಟಗಳಿವೆ. ಇಎನ್ 50136 ಅನ್ನುವ ಯುರೋಪಿನ ಮಾನದಂಡ. ಸಂಪರ್ಕ ಹೋದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಅನ್ನುವುದೇ ಅದರ ಮುಖ್ಯ ಅಳತೆ. ಒಂದೇ ದಾರಿಯ ವ್ಯವಸ್ಥೆಗೆ ಎಸ್‌ಪಿ1ರಿಂದ ಎಸ್‌ಪಿ6. ಎಸ್‌ಪಿ2 ಅಂದರೆ 25 ಗಂಟೆ, ಎಸ್‌ಪಿ3 ಅಂದರೆ 30 ನಿಮಿಷ, ಎಸ್‌ಪಿ4 ಮೂರು ನಿಮಿಷ, ಎಸ್‌ಪಿ6 ಬರೀ 20 ಸೆಕೆಂಡ್. ನೆಟ್ ಮತ್ತು ಸಿಮ್ ಎರಡೂ ಇದ್ದರೆ ಡಿಪಿ ಅಂತ ಬೇರೆ ಮಟ್ಟಗಳು. ಕೊಳ್ಳುವಾಗ ‘ಇದು ಎಷ್ಟನೇ ಮಟ್ಟ’ ಅಂತ ಅಂಗಡಿಯವರನ್ನು ಕೇಳಬಹುದು. ಊರಲ್ಲೂ ಈ ಒಂದು ಪ್ರಶ್ನೆ ಕೇಳಲು ಶುರು ಮಾಡಿ. ‘ನೆಟ್ ಹೋದರೆ ಎಷ್ಟು ನಿಮಿಷಕ್ಕೆ ಹೇಳುತ್ತೀರಿ? ಬರೆದುಕೊಡಿ’ ಅಂತ.

ಇಲ್ಲಿ ಹಳೆಯ ಲ್ಯಾಂಡ್‌ಲೈನ್ ಜಾಲ ಮುಚ್ಚುವ ಗಡುವು ಮೊದಲು 2025ರ ಡಿಸೆಂಬರ್ ಇತ್ತು, ಈಗ 2027ರ ಜನವರಿ. ನಮ್ಮ ಬೀದಿಯಲ್ಲಿ ವಯಸ್ಸಾದವರ ಮನೆಯ ಅಲಾರಂಗಳೆಲ್ಲ ಬದಲಾಗುತ್ತಿವೆ.

ಇನ್ನೊಂದು ಮಾತು. ಸಂಪರ್ಕ ಹೋಯಿತು ಅಂದ ಮಾತ್ರಕ್ಕೆ ಇಲ್ಲಿ ಪೊಲೀಸರು ಓಡಿ ಬರುವುದಿಲ್ಲ. ಅದರ ಜೊತೆ ಇನ್ನೊಂದು ಸುಳಿವು ಬೇಕು.

ಬಯಲುಸೀಮೆ
ಯುರೋಪಿನ ಲೆಕ್ಕ ನಮಗೆ ಆಗಿಬರುವುದಿಲ್ಲ. ಅಲ್ಲಿ ಕರೆಂಟ್ ಹೋಗುವುದೇ ಅಪರೂಪ.

ಲೆಸ್ಟರ್_ಕನ್ನಡತಿ
ನಿಮಿಷದ ಲೆಕ್ಕ ಬೇರೆ ಇಟ್ಟುಕೊಳ್ಳಿ ಅಣ್ಣ. ಬರೆದು ಕೊಡಿ ಅಂತ ಕೇಳುವ ಹಕ್ಕು ಎಲ್ಲ ಕಡೆ ಒಂದೇ.

ಪ್ಯಾನೆಲ್_ಹುಬ್ಬಳ್ಳಿ
ಅಕ್ಕ ಹೇಳಿದ್ದು ಸರಿ. ನಮ್ಮ ಗಿರಾಕಿಗಳಲ್ಲಿ ನೂರಕ್ಕೆ ಒಬ್ಬರೂ ಇದನ್ನು ಕೇಳುವುದಿಲ್ಲ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುತ್ತಾರೆ.

ಕುಂದಾಪ್ರ_ಗೆಳೆಯ
ನನ್ನ ಪ್ರಶ್ನೆ ಬೇರೆ. ಸಿಮ್ ಇತ್ತಲ್ಲ? ಫೈಬರ್ ಹೋದರೆ ಸಿಮ್‌ನಲ್ಲಿ ಓಡಬೇಕಿತ್ತು. ಯಾಕೆ ಓಡಲಿಲ್ಲ?

ಮಳೆನಾಡು_ತೀರ್ಥಹಳ್ಳಿ
ಟವರ್ ಸತ್ತಿರಬೇಕು. ನಮ್ಮ ಕಡೆ ಇದು ಮಾಮೂಲಿ. ಮರ ಬಿದ್ದು ಕರೆಂಟ್ ಹೋದರೆ ಮೊದಲು ಮನೆ ರೂಟರ್ ಹೋಗುತ್ತದೆ. ಆಮೇಲೆ ಕೇಬಲ್‌ನವರ ಕಂಬದ ಡಬ್ಬದ ಬ್ಯಾಟರಿ. ಇನ್ನೂ ಕೆಲವು ತಾಸಿಗೆ ಟವರ್ ಬ್ಯಾಟರಿಯೂ ಖಾಲಿ. ಎರಡು ದಾರಿ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಎರಡೂ ಒಂದೇ ಕರೆಂಟ್ ಲೈನಿಗೆ ನೇತಾಡುತ್ತಿರುತ್ತವೆ. ಮಲೆನಾಡಿನಲ್ಲಿ ಅಲಾರಂ ಹಾಕುವವರು ಮೊದಲು ಇದನ್ನು ಯೋಚಿಸಬೇಕು.

ಡಲ್ಲಾಸ್_ಮೈಸೂರಿಗ
ಸಿಮ್ ಬಗ್ಗೆ ನನ್ನ ಅನುಭವ. ಅಮೆರಿಕದಲ್ಲಿ 2022ರಲ್ಲಿ 3ಜಿ ಜಾಲಗಳು ಮುಚ್ಚಿದವು. ನಮ್ಮ ಮನೆಯ ಪ್ಯಾನೆಲ್‌ನಲ್ಲಿ 3ಜಿ ಸಿಮ್ ಇತ್ತು. ನೆಟ್ ಓಡುತ್ತಿದ್ದರಿಂದ ಎರಡನೇ ದಾರಿ ಸತ್ತಿರುವುದು ನಮಗೆ ಗೊತ್ತೇ ಆಗಲಿಲ್ಲ. ಎರಡು ತಿಂಗಳ ಮೇಲೆ ನೆಟ್ ಹೋದಾಗ ತಿಳಿಯಿತು. ಆದ್ದರಿಂದ ಎರಡೂ ದಾರಿಯ ಹಾಜರಿ ಬೇರೆ ಬೇರೆ ತೆಗೆಯಬೇಕು. ಒಂದು ಚೆನ್ನಾಗಿದೆ ಅಂತ ಇನ್ನೊಂದನ್ನು ಬಿಡಬಾರದು.

ಸರ್ವರ್ ಕಡೆಯೂ ಮರೆಯಬೇಡಿ. 2021ರ ಡಿಸೆಂಬರ್ 7ಕ್ಕೆ ಅಮೆಜಾನ್ ಕ್ಲೌಡ್‌ನ ವರ್ಜೀನಿಯಾ ಭಾಗ ಕೆಟ್ಟು ರಿಂಗ್ ಕ್ಯಾಮೆರಾಗಳೂ ಕೈಕೊಟ್ಟವು. ಮನೆಯಲ್ಲಿ ನೆಟ್, ಕರೆಂಟ್ ಎಲ್ಲ ಸರಿ ಇತ್ತು. ಹಾಜರಿ ಕರೆಯುವ ಟೀಚರೇ ಬರದಿದ್ದರೆ ಏನು ಮಾಡುವುದು?

ಸರ್ವರ್_ಸಂಗಾತಿ
ಹೌದು. ಹಾಗೆ ಆದಾಗ ಸರ್ವರ್ ಎದ್ದ ಕೂಡಲೇ ಎಲ್ಲ ಮನೆಗೂ ‘ಸಂಪರ್ಕ ಹೋಗಿದೆ’ ಅಂತ ಕೂಗಬಾರದು. ಒಂದೇ ನಿಮಿಷಕ್ಕೆ 500 ಹಬ್ ಒಟ್ಟಿಗೆ ಮಾಯವಾದರೆ ಅದು ಕಳ್ಳರ ಕೆಲಸ ಅಲ್ಲ, ನೆಟ್ ಕಂಪನಿಯ ತೊಂದರೆ ಅಥವಾ ನಮ್ಮದೇ ತೊಂದರೆ. ಸುತ್ತ ಎಲ್ಲ ಚೆನ್ನಾಗಿದ್ದು ಒಂದೇ ಮನೆ ಮಾಯವಾದರೆ, ಅದೂ ರಾತ್ರಿ, ಅದೂ ಬೀಗ ಹಾಕಿದಾಗ, ಆಗ ಆ ಮನೆ ಪಟ್ಟಿಯಲ್ಲಿ ಮೇಲೆ ಬರಬೇಕು. ಒಳ್ಳೆಯ ಕೇಂದ್ರದವರು ಹೀಗೇ ನೋಡುತ್ತಾರೆ.

ಬಯಲುಸೀಮೆ
ನಾನು ಇನ್ನೂ ಒಪ್ಪುವುದಿಲ್ಲ. ಸರ್ವರ್ ಉತ್ತರ ಕೊಡದಿದ್ದರೆ ಹಬ್‌ಗೆ ಗೊತ್ತಾಗುತ್ತದೆ ಅಂತ ನೀವೇ ಹೇಳಿದಿರಿ. ಮನೆಗೆ ಬೀಗ ಹಾಕಿದಾಗ ಹಾಗಾದರೆ ಸೈರನ್ ಕೂಗಲಿ. ಕಳ್ಳ ಫೈಬರ್ ಕಡಿದ ಅಂದುಕೊಳ್ಳಿ. ಸೈರನ್ ಕೂಗಿದರೆ ಓಡುತ್ತಾನೆ. ಸುಮ್ಮನಿದ್ದರೆ ಅವನಿಗೇ ಲಾಭ ಅಲ್ವಾ?

ಪ್ಯಾನೆಲ್_ಹುಬ್ಬಳ್ಳಿ
ಸರ್, ಊರಲ್ಲಿ ಮಳೆಗೆ ನಾಲ್ಕು ಸಲ ಸುಳ್ಳೇ ಸೈರನ್ ಕೂಗಿದರೆ ಐದನೇ ಸಲ ಪಕ್ಕದ ಮನೆಯವರು ಕಿಟಕಿಯನ್ನೂ ತೆರೆಯುವುದಿಲ್ಲ. ನೆನಪಿಡಿ, ನೆಟ್ ಹೋದರೂ ಬಾಗಿಲಿನ ಸೆನ್ಸರ್ ಮತ್ತು ಸೈರನ್ ಹಬ್ ಜೊತೆ ತಮ್ಮದೇ ರೇಡಿಯೋದಲ್ಲಿ ಮಾತಾಡುತ್ತವೆ. ಬಾಗಿಲು ಒಡೆದರೆ ಸೈರನ್ ಹೇಗೂ ಹೊಡೆಯುತ್ತದೆ. ಆ ಸೈರನ್‌ನ ಮರ್ಯಾದೆ ಉಳಿಸಿಕೊಳ್ಳಬೇಕು. ಸಂಪರ್ಕ ಹೋದಾಗ ಮನುಷ್ಯನಿಗೆ ಫೋನ್ ಹೋಗಲಿ, ಸೈರನ್ ಬೇಡ.

ಬಯಲುಸೀಮೆ
ಪಕ್ಕದ ಮನೆಯವರ ಮಾತು ಒಪ್ಪಿದೆ. ಆದರೆ ಒಂಟಿ ಮನೆ, ತೋಟದ ಮನೆ ಇದ್ದವರು ಹಾಕಿಕೊಳ್ಳಲಿ ಅಂತ ನನ್ನ ಅಭಿಪ್ರಾಯ.

ಕುಂದಾಪ್ರ_ಗೆಳೆಯ
ನಮ್ಮ ಅಜ್ಜನ ಮನೆಯಲ್ಲಿ ಒಂದು ನಾಯಿ, ಪಕ್ಕದ ಮನೆಯ ದೊಡ್ಡಮ್ಮ. ಅಜ್ಜ ಎರಡು ದಿನ ಕಾಣದಿದ್ದರೆ ದೊಡ್ಡಮ್ಮ ಬಂದು ಬಾಗಿಲು ಬಡಿಯುತ್ತಿದ್ದರು. ಅದೂ ಹಾಜರಿಯೇ ಅಲ್ವಾ?

ಟೀಚರ್_ಹಾಸನ
ಊರಿಗೆ ಹೋಗುವಾಗ ಪೊಲೀಸ್ ಠಾಣೆಗೂ ಹೇಳಿ ಹೋಗಿ. ಬೀಟ್‌ನವರು ರಾತ್ರಿ ಒಂದು ಸುತ್ತು ನೋಡಿಕೊಳ್ಳುತ್ತಾರೆ. ನಾವು ಪ್ರತಿ ಬೇಸಿಗೆ ರಜೆಯಲ್ಲಿ ಹೇಳುತ್ತೇವೆ.

ಅಡಿಕೆಮನೆ
ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಊರಿಗೆ ಹೋಗಿ ಕೈಗಡಿಯಾರ ಹಿಡಿದು ಟೆಸ್ಟ್ ಮಾಡಿದೆ. ಅಪ್ಪನೂ ಪಕ್ಕದಲ್ಲೇ ನಿಂತು ಬರೆದುಕೊಂಡರು.

ಮೊದಲು ರೂಟರ್‌ನಿಂದ ಫೈಬರ್ ತೆಗೆದೆ. ಕೆಂಪು ದೀಪ ಬಂತು. ಆ್ಯಪ್‌ನ ಮೊದಲ ಪುಟ ಹಸಿರಾಗೇ ಇತ್ತು. 12ನೇ ನಿಮಿಷಕ್ಕೆ ಒಳಗಿನ ಪುಟದಲ್ಲಿ ‘ಸಂಪರ್ಕವಿಲ್ಲ’ ಅಂತ ಬಂತು. ಮೆಸೇಜ್ ಬರಲಿಲ್ಲ. ಅಂದರೆ ಸರ್ವರ್‌ಗೆ ಗೊತ್ತಾಗಿದೆ, ನನಗೆ ಹೇಳಿಲ್ಲ. ಹುಬ್ಬಳ್ಳಿಯವರು ಹೇಳಿದ್ದೇ ನಿಜ. ಸೆಟ್ಟಿಂಗ್ ಹುಡುಕಿದೆ. ‘ಸಂಪರ್ಕ ಹೋದರೆ ತಿಳಿಸು’ ಅನ್ನುವುದು ಹಾಕಿಸಿದ ದಿನದಿಂದಲೂ ಆಫ್ ಇತ್ತು! ಆನ್ ಮಾಡಿ 5 ನಿಮಿಷ ಇಟ್ಟೆ.

ಆಮೇಲೆ ಸಿಮ್ ನೋಡಿದೆ. ಟವರ್ ಸರಿ ಇತ್ತು. ಸಿಮ್‌ನ ರೀಚಾರ್ಜ್ ಮೇ ತಿಂಗಳಲ್ಲೇ ಮುಗಿದಿತ್ತು. ಡಲ್ಲಾಸ್ ಅಣ್ಣ ಹೇಳಿದ ಹಾಗೇ ಆಗಿದೆ, ನೆಟ್ ಇದ್ದಷ್ಟು ದಿನ ಯಾರಿಗೂ ಗೊತ್ತಾಗಿಲ್ಲ. ರೀಚಾರ್ಜ್ ಮಾಡಿ ಮತ್ತೆ ಫೈಬರ್ ತೆಗೆದೆ. ಒಂದು ನಿಮಿಷದೊಳಗೆ ಸಿಮ್‌ಗೆ ಹೋಯಿತು, ‘ಕೇಬಲ್ ದಾರಿ ಇಲ್ಲ’ ಅಂತ ಮೆಸೇಜೂ ಬಂತು. ಎರಡೂ ತೆಗೆದಾಗ 6 ನಿಮಿಷ 40 ಸೆಕೆಂಡಿಗೆ ಎಚ್ಚರಿಕೆ ಬಂತು.

ಕೊನೆಗೆ ನನ್ನ ಫೋನಿನ ಡೇಟಾ ಆಫ್ ಮಾಡಿ ನೋಡಿದೆ. ಆಗ ಏನೂ ಬರಲಿಲ್ಲ. ಅದಕ್ಕೆ ಪಕ್ಕದ ಮನೆಯ ಅಣ್ಣನ ಫೋನಿಗೂ ಶಿವಮೊಗ್ಗದ ಭಾವನ ಫೋನಿಗೂ ಎಚ್ಚರಿಕೆ ಹೋಗುವ ಹಾಗೆ ಮಾಡಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಅಪ್ಪ ಫೈಬರ್ ತೆಗೆದು ಟೆಸ್ಟ್ ಮಾಡುತ್ತಾರಂತೆ. ಕ್ಯಾಲೆಂಡರ್‌ನಲ್ಲಿ ಅವರೇ ಗುರುತು ಹಾಕಿದ್ದಾರೆ.

ಸರ್ವರ್_ಸಂಗಾತಿ
ತುಂಬಾ ಒಳ್ಳೆಯ ಕೆಲಸ. 5 ನಿಮಿಷ ಇಟ್ಟು 6:40ಕ್ಕೆ ಬಂದದ್ದು ಸರಿಯಾಗಿದೆ. ಕೊನೆಯ ಹಾರ್ಟ್‌ಬೀಟ್‌ನಿಂದ ಎಣಿಕೆ, ಮೇಲೆ ಸರ್ವರ್ ಪರೀಕ್ಷೆಯ ಅಂತರ, ಮೆಸೇಜ್ ತಲುಪುವ ಹೊತ್ತು. ಒಂದು ವಿಷಯ ಮಾತ್ರ. ಅಪ್ಪನವರು ಫೈಬರ್‌ನ ತುದಿ ಮುಟ್ಟುವುದು ಬೇಡ, ಧೂಳು ಕೂತರೆ ಸಿಗ್ನಲ್ ಹಾಳಾಗುತ್ತದೆ, ತುದಿಯನ್ನು ಕಣ್ಣಿಗೆ ಹಿಡಿಯುವುದೂ ಬೇಡ. ರೂಟರ್‌ನಿಂದ ಹಬ್‌ಗೆ ಹೋಗುವ ಕೇಬಲ್ ತೆಗೆದರೂ ಟೆಸ್ಟ್ ಆಗುತ್ತದೆ.

ಮಳೆನಾಡು_ತೀರ್ಥಹಳ್ಳಿ
ರೂಟರ್‌ಗೆ ಬ್ಯಾಟರಿ ಹಾಕಿಸಿದಿರಾ?

ಅಡಿಕೆಮನೆ
ಇಲ್ಲ, ಅದೊಂದು ಬಾಕಿ. ಎಷ್ಟು ದೊಡ್ಡದು ಬೇಕು?

ಪ್ಯಾನೆಲ್_ಹುಬ್ಬಳ್ಳಿ
ನಿಮ್ಮ ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪ್ ಅಂತ ಇದ್ದರೆ ಹೆಚ್ಚೆಂದರೆ 12 ವ್ಯಾಟ್. 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ 84 ವ್ಯಾಟ್ ಅವರ್. ಪೂರ್ತಿ ಹಿಂಡಬಾರದು, ಹಾಗಾಗಿ ನಾಲ್ಕೈದು ತಾಸು ಅಂತ ಹಿಡಿಯಿರಿ. ರಾತ್ರಿಯಿಡೀ ಬೇಕಾದರೆ 18 ಎಎಚ್ ನೋಡಿ. ಅಡಾಪ್ಟರ್‌ನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.